ಬಾನೆಟ್ ಮೇಲೆ ಕೂತು ಬೆಂಗಳೂರಿಗೆ ಹೋದ ಸ್ಯಾಂಪಲ್

ಕೊಡಗಿನ ಶನಿವಾರಸಂತೆ ಕಡೆ ನಮ್ಮ ಮನೆ. ಈ ಮಳೆಯಲ್ಲಿ ಆಡು ಸಾಕುವುದು ಹುಚ್ಚು ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನನ್ನ ಹತ್ತಿರ 14 ಇದ್ದವು.

ಹೋದ ಚಳಿಗಾಲದಲ್ಲಿ ಸಂತೆಯಿಂದ ಎರಡು ಮರಿ ತಂದೆವು. ಐದಾರು ದಿನಕ್ಕೆ ಅವೇ ಮೊದಲು ಮಲಗಿದವು. ಮೈ ಸುಡುತ್ತಿತ್ತು. ಕಣ್ಣಲ್ಲಿ ಗೀಜು, ಮೂಗಲ್ಲಿ ಗಟ್ಟಿ ಸಿಂಬಳ. ಉದುರಾಗಿ ಬೀಳಬೇಕಾದ ಹಿಕ್ಕೆ ನೀರಾಗಿ ಹೋಗುತ್ತಿತ್ತು, ನಾತ ಅಂಗಳದವರೆಗೆ ಬರುತ್ತಿತ್ತು. ಪಕ್ಕದ ಮನೆ ಅಜ್ಜಿ ಶೀತ ಅಂದರು. ನಮ್ಮ ಯಜಮಾನರು ಕಾಲುಬಾಯಿ ಜ್ವರ ಅಂದರು. ನಾನು ಮನೆಮದ್ದು ಮಾಡುತ್ತಾ ಹತ್ತು ಹನ್ನೆರಡು ದಿನ ಕಳೆದೆ. ಆ ತಪ್ಪು ನನ್ನದೇ.

ಕೊನೆಗೆ ಬಂದ ಡಾಕ್ಟ್ರು ಬಾಯಿ ತೆರೆದು ನೋಡಿದರು. ವಸಡಿನ ಮೇಲೆ ತೌಡು ಮೆತ್ತಿದ ಹಾಗೆ ಹುಣ್ಣು. "ಪಿಪಿಆರ್ ಇರಬಹುದಮ್ಮ, ಆಡು ಕುರಿಗೆ ಬರೋ ವೈರಸ್ ಕಾಯಿಲೆ. ಆದ್ರೆ ಇದೇ ಥರ ಕಾಣೋ ಕಾಯಿಲೆ ಬೇರೇನೂ ಇವೆ, ಲ್ಯಾಬಿಗೆ ಕಳಿಸೋಣ" ಎಂದರು. ಹತ್ತಿ ಕಡ್ಡಿಯಿಂದ ಕಣ್ಣು, ಮೂಗು ಒರೆಸಿ ಟ್ಯೂಬಿಗೆ ಹಾಕಿ, ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು.

ಪೆಟ್ಟಿಗೆ ಹೊತ್ತು ಬೆಂಗಳೂರು ಬಸ್ ಹತ್ತಿದವರು ಯಜಮಾನರು. ಕಾಲಿಡಲು ಜಾಗವಿಲ್ಲ ಎಂದು ಅದನ್ನು ಇಂಜಿನ್ ಬಾನೆಟ್ ಮೇಲೆ ಇಟ್ಟರಂತೆ. ಬಾನೆಟ್! ಇಳಿಯುವಾಗ ಐಸ್ ಇರಲಿಲ್ಲ, ಬಿಸಿನೀರಿತ್ತು.

ವೈರಸ್ ಸಿಗಲಿಲ್ಲ ಎಂದು ವರದಿ ಬಂತು. ನಾನು ಖುಷಿಯಾಗಿ ತಮ್ಮನಿಗೆ ಫೋನ್ ಮಾಡಿದೆ. ಅವನು ಇಂಥದೇ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಬೈದ. "ಅಕ್ಕಾ, ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಸೆಕೆಗೆ ಈ ವೈರಸ್ ಬೇಗ ಹಾಳಾಗುತ್ತೆ. ಮತ್ತೆ ನೀವು ತೆಗೆಸಿದ್ದೂ ತಡವಾಗಿ. ಜ್ವರ ಶುರುವಾದ ಮೊದಲ ದಿನಗಳಲ್ಲೇ ಮೂಗಲ್ಲಿ ಜಾಸ್ತಿ ಇರೋದು."

ಆಮೇಲೆ ಎಲೈಸಾ ಪರೀಕ್ಷೆ ಹೇಗೆ ಎಂದು ವಿವರಿಸಿದ. ತಟ್ಟೆಯೊಂದರಲ್ಲಿ 96 ಸಣ್ಣ ಗುಂಡಿಗಳು. ಗುಂಡಿಯ ತಳದಲ್ಲಿ ವೈರಸ್ ಹಿಡಿಯುವ ಪ್ರತಿಕಾಯ, ಅಂದರೆ ರೋಗಾಣು ಎದುರಿಸಲು ಮೈ ತಯಾರಿಸುವ ವಸ್ತು, ಅಂಟಿಸಿರುತ್ತಾರೆ. ನನಗೆ ಹಲಸಿನ ಮೇಣ ನೆನಪಾಯಿತು. ಆದರೆ ಮೇಣ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ, ಇದು ಗುರುತಿರುವವರನ್ನು ಮಾತ್ರ ಹಿಡಿಯುತ್ತದೆ. ಸ್ಯಾಂಪಲ್ ಹಾಕಿ, ತೊಳೆದು, ಮೇಲೆ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ನಡುವೆ ವೈರಸ್ ಸಿಕ್ಕಿಬಿದ್ದಿದ್ದರೆ ಕೊನೆಯಲ್ಲಿ ಬಣ್ಣ ಬರುತ್ತದೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಯೂ ಇದೆ. ಅದರಲ್ಲಿ ಲೆಕ್ಕ ಉಲ್ಟಾ, ಬಣ್ಣ ಕಡಿಮೆಯಾದರೆ ಪ್ರತಿಕಾಯ ಇದೆ ಎಂದರ್ಥ. ಆದರೆ ಅದು ಕಾಯಿಲೆಯಿಂದ ಬಂದಿದ್ದೋ ಲಸಿಕೆಯಿಂದಲೋ ಅಂತ ಹೇಳಲಾಗದು. ವೈರಸ್ ಹುಡುಕಲು ಇನ್ನೂ ಸೂಕ್ಷ್ಮವಾದದ್ದು ಆರ್‌ಟಿ-ಪಿಸಿಆರ್. ಕೋವಿಡ್ ಪುಣ್ಯದಿಂದ ಆ ಹೆಸರು ನಮ್ಮ ಅಜ್ಜಿಗೂ ಗೊತ್ತು.

ಅಷ್ಟರಲ್ಲಿ ನಾಲ್ಕು ಆಡು ಸತ್ತಿದ್ದವು. ಒಂದು ಬೆಳಗ್ಗೆ ಗಬ್ಬದ ಕರಿ ಆಡಿಗೆ ಜ್ವರ ಬಂತು. ಅವತ್ತೇ ಡಾಕ್ಟ್ರನ್ನು ಕರೆಸಿದೆ. ಈ ಸಲ ಪೆಟ್ಟಿಗೆ ಯಜಮಾನರ ತೊಡೆಯ ಮೇಲೆ ಹೋಯಿತು. ದಾರಿಯಲ್ಲಿ ಎರಡು ಕಡೆ ಇಳಿದು ಐಸ್ ಕೊಂಡರು. ಒಂದು ಕಡೆ ಮೀನಂಗಡಿಯಲ್ಲಿ.

ಪಿಪಿಆರ್ ಎಂದೇ ಬಂತು. ವೈರಸ್‌ಗೆ ಮದ್ದಿಲ್ಲ. ಮೇಲಿಂದ ಸೇರುವ ನ್ಯುಮೋನಿಯಾಗೆ ಇಂಜೆಕ್ಷನ್, ಭೇದಿಗೆ ನೀರು-ಉಪ್ಪು, ಅಷ್ಟೇ. ಹಾಗಾದರೆ ಪರೀಕ್ಷೆ ಯಾಕೆ ಎಂದು ಯಜಮಾನರು ಕೇಳಿದರು. ಉತ್ತರ ಮೂರನೇ ದಿನ ಸಿಕ್ಕಿತು. ಅಕ್ಕಪಕ್ಕದ ಮನೆಗಳ ಆರೋಗ್ಯವಾಗಿದ್ದ ಆಡುಗಳಿಗೆಲ್ಲ ಲಸಿಕೆ ಹಾಕಲು ಜೀಪ್ ಬಂತು. ಒಂದು ಸಲ ಚುಚ್ಚಿದರೆ ಮೂರು ವರ್ಷ ಚಿಂತೆಯಿಲ್ಲ. ದನಗಳ ದೊಡ್ಡರೋಗ ಇದರ ದಾಯಾದಿ. ಅದು ಜಗತ್ತಿನಿಂದಲೇ ಹೋಯಿತು ಎಂದು 2011ರಲ್ಲಿ ಘೋಷಿಸಿದರು. ಇದನ್ನು 2030ರೊಳಗೆ ಓಡಿಸುವ ಗುರಿಯಿದೆಯಂತೆ.

ಬಣ್ಣ ಬಂದ ತಟ್ಟೆ ಹೇಗಿರುತ್ತದೆ ಅಂತ ತಮ್ಮ ಯಾವುದೋ ಒಂದು ಫೋಟೋ ಕಳಿಸಿದ. ಅಜ್ಜಿ ಕನ್ನಡಕ ಹಾಕಿಕೊಂಡು ಮೊಬೈಲ್ ಹತ್ತಿರ ಹಿಡಿದು ಕೇಳಿದರು: "ಇದ್ರಲ್ಲಿ ನಮ್ಮ ಕರಿಯಾಡು ಯಾವ್ದು?"