ಸಲಹೆ ಏನಾಯಿತು ಎಂದು ಕೇಳುವುದು: ಒಂದು ಮೌಲ್ಯಮಾಪನದ ಅನುಭವ

ಸಾರ್ವಜನಿಕ ಸೇವೆಗಳ ಮೌಲ್ಯಮಾಪನ ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ರಾಜ್ಯದ ಸಾರ್ವಜನಿಕ ಸಂಸ್ಥೆಯೊಂದು ತಾಲ್ಲೂಕು ಮಟ್ಟದ ತನ್ನ ಅರ್ಜಿ ಸೇವೆಯನ್ನು ವಿಕಲಚೇತನರ ಜೊತೆ ಕೂತು ರೂಪಿಸಿದ್ದಾಗಿ ಹೇಳಿತ್ತು. ಆ ಸಹ-ವಿನ್ಯಾಸ ನಿಜವಾಗಿ ನಡೆದಿತ್ತೇ, ನಡೆದಿದ್ದರೆ ಎಷ್ಟರ ಮಟ್ಟಿಗೆ ಎಂಬುದನ್ನು ಪರಿಶೀಲಿಸುವ ಕೆಲಸ ನಮ್ಮ ತಂಡಕ್ಕೆ ಬಂತು.

ಕಡತಗಳಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಮೂರು ಸಮಾಲೋಚನಾ ಸಭೆಗಳು ನಡೆದಿದ್ದವು, ಹಾಜರಾತಿ ಪುಟಗಳಲ್ಲಿ ಸಹಿಗಳೂ ಹೆಬ್ಬೆಟ್ಟುಗಳೂ ತುಂಬಿದ್ದವು, ಮೂರೂ ನಡವಳಿಗಳು ಸಭೆಯ ಸರ್ವಾನುಮತದ ಒಪ್ಪಿಗೆಯೊಂದಿಗೆ ಮುಗಿದಿದ್ದವು. ಆದರೆ ಹಾಜರಾತಿಯನ್ನು ಹೆಸರು ಹೆಸರಾಗಿ ಓದುತ್ತ ಹೋದಂತೆ ಬೇರೆಯದೇ ಚಿತ್ರ ಕಾಣತೊಡಗಿತು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಅದನ್ನು 21ಕ್ಕೆ ಏರಿಸಿತು. ಸಭೆಗೆ ಬಂದವರಲ್ಲಿ ಬಹುಪಾಲು ದೈಹಿಕ ಅಂಗವೈಕಲ್ಯ ಇರುವ ಗಂಡಸರು, ಕೆಲವರು ದೃಷ್ಟಿಹೀನರು. ಬೌದ್ಧಿಕ ಅಂಗವೈಕಲ್ಯ ಇರುವವರ ಜಾಗದಲ್ಲಿ ಅವರ ತಾಯಂದಿರ ಸಹಿ ಇತ್ತು. ಮಾನಸಿಕ ಅಸ್ವಸ್ಥತೆ ಇರುವವರು ಒಬ್ಬರೂ ಇರಲಿಲ್ಲ. ಕರೆತರುವ ಹೊಣೆ ಬಿದ್ದದ್ದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೇಲೆ, ಅದೂ ಸಭೆಯ ಹಿಂದಿನ ದಿನ ಬಂದ ಒಂದು ಫೋನ್ ಕರೆಯಲ್ಲಿ. ತ್ರಿಚಕ್ರ ವಾಹನ ಇದ್ದವರನ್ನು, ಒಂದು ದಿನದ ಕೂಲಿ ಬಿಟ್ಟು ಬರಬಲ್ಲವರನ್ನು ಅವರು ಕರೆತಂದರು. ಅವರದೂ ಗೌರವಧನದ ಮೇಲೆ ನಡೆಯುವ ಕೆಲಸ, ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಸಂಸ್ಥೆ ಆಹ್ವಾನಿಸಿದ ಸಂಘಟನೆಗಳ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಇತ್ತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2007ರಲ್ಲಿ ಭಾರತ ಅನುಮೋದಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿಯ 3ನೇ ಭಾಗ, ವಿಕಲಚೇತನರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನು ಅವರ ಪ್ರಾತಿನಿಧಿಕ ಸಂಘಟನೆಗಳ ಮೂಲಕ ತೊಡಗಿಸಿಕೊಳ್ಳಬೇಕೆಂದು ಹೇಳುತ್ತದೆ. ಅದನ್ನು ವಿವರಿಸಲು ಒಡಂಬಡಿಕೆಯ ಸಮಿತಿ 2018ರಲ್ಲಿ ಹೊರಡಿಸಿದ ಏಳನೇ ಸಾಮಾನ್ಯ ವ್ಯಾಖ್ಯಾನ, ವಿಕಲಚೇತನರೇ ನಡೆಸುವ ಸಂಘಟನೆ ಬೇರೆ, ವಿಕಲಚೇತನರಿಗಾಗಿ ಸೇವೆ ಒದಗಿಸುವ ಸಂಸ್ಥೆ ಬೇರೆ ಎಂದು ಗೆರೆ ಎಳೆಯುತ್ತದೆ. ಕನ್ನಡದಲ್ಲಿ ಈ ಅಂತರ ವಿಭಕ್ತಿಯಲ್ಲಿಯೇ ಇದೆ: ‘ವಿಕಲಚೇತನರ’ ಮತ್ತು ‘ವಿಕಲಚೇತನರಿಗಾಗಿ’. ನಾವು ನೋಡಿದ ಪಟ್ಟಿಯಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಅವುಗಳ ಪ್ರತಿನಿಧಿಗಳು ಕಾಳಜಿಯಿಂದಲೇ ಮಾತನಾಡಿದ್ದರು, ಆದರೆ ಆ ಅರ್ಜಿಯನ್ನು ತಾವೇ ತುಂಬಬೇಕಾದವರು ಅವರಾಗಿರಲಿಲ್ಲ.

ನಮ್ಮ ತಪ್ಪು ಬೆಳಕಿಗೆ ಬಂದದ್ದು ಕ್ಷೇತ್ರಕಾರ್ಯದ ಮೊದಲ ದಿನವೇ. ಸಹ-ವಿನ್ಯಾಸವನ್ನು ಅಳೆಯಲು ಹೊರಟ ನಾವು ನಮ್ಮ ಪ್ರಶ್ನಾವಳಿಯನ್ನು ಬೆಂಗಳೂರಿನ ಕಚೇರಿಯಲ್ಲಿ, ಒಬ್ಬ ವಿಕಲಚೇತನರನ್ನೂ ಕೇಳದೆ ಸಿದ್ಧಪಡಿಸಿದ್ದೆವು. ‘ಸಭೆಯ ಬಗ್ಗೆ ನಿಮಗೆ ತೃಪ್ತಿ ಇದೆಯೇ’ ಎಂಬ ಪ್ರಶ್ನೆಗೆ ಎಲ್ಲರೂ ಇದೆ ಎನ್ನುತ್ತಿದ್ದರು. ಮಾಸಾಶನದ ಕಡತ ಅದೇ ಅಧಿಕಾರಿಗಳ ಮೇಜಿನ ಮೇಲಿರುವಾಗ ಇಲ್ಲ ಎನ್ನುವುದು ಯಾರಿಗೂ ಸುಲಭವಲ್ಲ. ಒಬ್ಬ ದೃಷ್ಟಿಹೀನ ಯುವಕ ಮಾತ್ರ, ‘ಸಾರ್, ತೃಪ್ತಿ ಕೇಳಬೇಡಿ, ನಾನು ಏನು ಹೇಳಿದ್ದೆ, ಅದು ಏನಾಯಿತು ಅಂತ ಕೇಳಿ’ ಎಂದರು. ಅಂದು ಸಂಜೆ ಕೆಲಸ ನಿಲ್ಲಿಸಿದೆವು. ಅವರನ್ನೂ ಇನ್ನಿಬ್ಬರನ್ನೂ ನಮ್ಮಷ್ಟೇ ದಿನಗೂಲಿ ಕೊಟ್ಟು ತಂಡಕ್ಕೆ ಸೇರಿಸಿಕೊಂಡು ಪ್ರಶ್ನೆಗಳನ್ನು ಮೊದಲಿನಿಂದ ಬರೆದೆವು.

ಅಲ್ಲಿಂದ ಮುಂದೆ ಪ್ರತಿಯೊಂದು ಸಲಹೆಯನ್ನೂ ಅದು ಹುಟ್ಟಿದ ಮಾತಿನಿಂದ ಕೊನೆಯ ಆದೇಶದವರೆಗೆ ಹಿಂಬಾಲಿಸುವುದೇ ನಮ್ಮ ವಿಧಾನವಾಯಿತು. ಮೊದಲು ಹಿಂಬಾಲಿಸಿದ್ದು ಆ ಯುವಕನದೇ ಮಾತನ್ನು. ಸಭೆಗೆ ಮುನ್ನ ಕಳಿಸಿದ ಕರಡು ಕನ್ನಡ ಬೆರಳಚ್ಚಿನ ತಂತ್ರಾಂಶ ‘ನುಡಿ’ಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿತ್ತು. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಅಕ್ಷರಗಳು ಕಂಪ್ಯೂಟರಿನೊಳಗೆ ರೋಮನ್ ಸಂಕೇತಗಳ ಜಾಗದಲ್ಲಿ ಕೂತಿರುವುದರಿಂದ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಚ್ಚರಿಸುತ್ತ ಹೋಗುತ್ತದೆ. ಯೂನಿಕೋಡಿನಲ್ಲಿ ಕಳಿಸಿ ಎಂದು ಅವರು ಮೊದಲ ಸಭೆಯಲ್ಲೇ ಕೇಳಿದ್ದರು, ನಡವಳಿಯಲ್ಲಿ ಅದು ದಾಖಲಾಗಿತ್ತು, ಎರಡನೆಯ ನಡವಳಿಯಲ್ಲಿ ‘ಕ್ರಮ ವಹಿಸಲಾಗುವುದು’ ಎಂದಿತ್ತು. ಮೂರನೆಯ ಸಭೆಯ ಕರಡು ಕೂಡ ಹಳೆಯ ಅಕ್ಷರಗಳಲ್ಲೇ ಬಂದಿತ್ತು. ಅಂದರೆ, ಯಾವ ಕರಡಿಗೆ ಅವರು ಒಪ್ಪಿದರೆಂದು ದಾಖಲೆ ಹೇಳುತ್ತಿತ್ತೋ ಆ ಕರಡನ್ನು ಅವರು ಓದಿಯೇ ಇರಲಿಲ್ಲ.

ಶ್ರವಣದೋಷ ಇರುವ ಮಹಿಳೆಯೊಬ್ಬರ ವಿಷಯ ಇನ್ನೂ ತೊಡಕಿನದು. ಸಂಸ್ಥೆ ಭಾರತೀಯ ಸಂಜ್ಞಾ ಭಾಷೆಯ ದುಭಾಷಿಯನ್ನು ಕರೆಸಿತ್ತು, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಶಾಲೆಯ ಮುಖ ನೋಡದ ಆಕೆಗೆ ಗೊತ್ತಿದ್ದದ್ದು ಮನೆಯವರೊಡನೆ ಬೆಳೆದ ಸಂಜ್ಞೆಗಳು ಮಾತ್ರ. ಆಕೆಯ ಸಂಜ್ಞೆ ಬಲ್ಲ ತಂಗಿಯನ್ನು ಜೊತೆಗೆ ಕರೆಸಲು ಪ್ರಯಾಣ ಭತ್ಯೆಯ ನಿಯಮದಲ್ಲಿ ಅವಕಾಶ ಇರಲಿಲ್ಲ.

ನಿಜವಾಗಿ ಬದಲಾಗಿದ್ದ ಒಂದು ಸಂಗತಿಯೂ ಸಿಕ್ಕಿತು, ಆದರೆ ಯಾವ ನಡವಳಿಯಲ್ಲಿಯೂ ಅಲ್ಲ. ಕುಷ್ಠರೋಗದಿಂದ ಗುಣಮುಖರಾದ ಹಿರಿಯರೊಬ್ಬರ ಬೆರಳಚ್ಚನ್ನು ಯಂತ್ರ ಗುರುತಿಸದೆ ಅವರು ಹಲವು ಬಾರಿ ಬರಿಗೈಯಲ್ಲಿ ಹಿಂತಿರುಗಿದ್ದರು. ಅವರ ಊರಿನ ಪುನರ್ವಸತಿ ಕಾರ್ಯಕರ್ತೆ ಒಂದು ದಿನ ಕೌಂಟರಿನ ಗುಮಾಸ್ತರೊಂದಿಗೆ ವಾದಕ್ಕೆ ನಿಂತರು. ಗುಮಾಸ್ತರು ಮೇಲಿನವರಿಗೆ ಬರೆದರು. ಕಣ್ಣಿನ ಪಾಪೆಯ ಮೂಲಕ ದೃಢೀಕರಿಸುವ ವ್ಯವಸ್ಥೆಯನ್ನು ಆ ಸೇವೆಯಲ್ಲಿ ಸೇರಿಸಲಾಯಿತು. ನಾವು ಸಭೆಯ ದಾಖಲೆಗಳಿಗಷ್ಟೇ ಅಂಟಿಕೊಂಡಿದ್ದರೆ ಇದು ವರದಿಗೆ ಬರುತ್ತಲೇ ಇರಲಿಲ್ಲ, ಸಂಸ್ಥೆಗೆ ಸಲ್ಲಬೇಕಾದ ಶ್ರೇಯವೂ ತಪ್ಪಿಹೋಗುತ್ತಿತ್ತು. ಅಂದಿನಿಂದ ನಾನು ಯಾವ ಮೌಲ್ಯಮಾಪನದಲ್ಲಿಯೂ ಕೌಂಟರಿನಲ್ಲಿ ಕೂತವರನ್ನು ಕೇಳದೆ ಬರುವುದಿಲ್ಲ.

ವರದಿಯನ್ನು ಯೂನಿಕೋಡ್ ಪಠ್ಯದಲ್ಲಿ, ಧ್ವನಿಯಲ್ಲಿ ಮತ್ತು ಸರಳ ಕನ್ನಡದಲ್ಲಿ ಸಿದ್ಧಪಡಿಸಿ, ಸಂಸ್ಥೆಗೆ ಕೊಡುವ ಮುನ್ನ ಮಾತನಾಡಿಸಿದವರಿಗೇ ಓದಿ ಹೇಳಿದೆವು. ಸರಳ ಕನ್ನಡದ ಪ್ರತಿಯನ್ನು ಬೌದ್ಧಿಕ ಅಂಗವೈಕಲ್ಯ ಇರುವ ಯುವಜನರ ಜೊತೆ ಓದುವಾಗ ‘ಪರಿಗಣಿಸಲಾಗಿದೆ’ ಎಂಬ ಮಾತು ಅವರಿಗೆ ಅರ್ಥವಾಗಲಿಲ್ಲ. ‘ಮಾಡಿದರಾ, ಮಾಡಲಿಲ್ಲವಾ?’ ಎಂದು ಒಬ್ಬಳು ಕೇಳಿದಳು, ನಾವು ಆ ಪದವನ್ನು ವರದಿಯ ಎಲ್ಲ ಪ್ರತಿಗಳಿಂದಲೂ ತೆಗೆದೆವು. ಸಲಹೆಗಳ ವಹಿಯೊಂದನ್ನು ಇಡಲು, ಅದರಲ್ಲಿ ‘ಕೈಬಿಟ್ಟಿದ್ದರೆ ಕಾರಣ’ ಎಂಬ ಅಂಕಣ ಇರಿಸಿ ಆ ಕಾರಣವನ್ನು ಸಲಹೆ ಕೊಟ್ಟವರಿಗೆ ತಿಳಿಸಲು ಸಂಸ್ಥೆ ಒಪ್ಪಿತು. ಸಭೆಗೆ ಬರುವವರಿಗೆ ಅಂದಿನ ಕೂಲಿಯಷ್ಟು ಗೌರವಧನವನ್ನೂ ಜೊತೆಗಾರರ ಪ್ರಯಾಣ ವೆಚ್ಚವನ್ನೂ ಕೊಡಬೇಕೆಂಬ ಶಿಫಾರಸು ಮಾತ್ರ ಹಣಕಾಸು ವಿಭಾಗದಲ್ಲಿ ಉಳಿದಿದೆ, ಅದರ ಬಗ್ಗೆ ನಾವು ಈಗಲೂ ಪತ್ರ ಬರೆಯುತ್ತಿದ್ದೇವೆ.