ಸೆರಾಂಪುರದ ಬೆಂಕಿ

ಎರಡು ದಿನದಿಂದ ತಲೇಲಿ ಸುತ್ತುತ್ತಿರೋದು ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿ. 1812ರ ಮಾರ್ಚ್‌ನಲ್ಲಿ ಬಂಗಾಳದ ಸೆರಾಂಪುರದಲ್ಲಿದ್ದ ಅವರ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳು ಎಲ್ಲಾ ಹೋದವು. ನಮ್ಮ ಕನ್ನಡದ ಬೈಬಲ್ ಅನುವಾದವೂ ಅದರಲ್ಲಿತ್ತು! ಕರಗಿದ ಲೋಹವನ್ನೇ ಬೂದಿಯಿಂದ ಹೆಕ್ಕಿ ಮತ್ತೆ ಮೊಳೆ ಎರಕ ಹೊಯ್ದರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಿಂದಲೇ ಅಚ್ಚಾಗಿ ಬಂತು.

ಆ ಬೆಂಕಿ ಹಚ್ಚಿದ್ದು ದೇವರು ಅಂದ್ರೆ ನಾನಂತೂ ಒಪ್ಪಲ್ಲ. ಬೈಬಲ್‌ನಲ್ಲಿ ರೋಮಾಪುರದವರಿಗೆ ಪತ್ರ ಬರೆಯುವಾಗ ಅಪೊಸ್ತಲ ಪೌಲನೂ ಆಗೋದೆಲ್ಲ ಒಳ್ಳೇದೇ ಅನ್ನಲಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಕೂಡಿ ಒಳಿತಿಗೆ ತಿರುಗುತ್ತೆ ಅಂದ. ಅಪ್ಪನಿಗೆ ಡಯಾಲಿಸಿಸ್ ಶುರುವಾದ ಮೇಲೆ "ಎಲ್ಲಾ ಕರ್ತನ ಚಿತ್ತ" ಅಂದು ಫೋನ್ ಇಡುವವರ ಮೇಲೆ ಸಿಟ್ಟು ಬರೋದು ಅದಕ್ಕೇ. (ಪಾಪ, ಪ್ರೀತಿಯಿಂದಲೇ ಹೇಳ್ತಾರೆ.)

ಯಾಕೆ ಹೀಗಾಯ್ತು ಅಂತ ಕೇಳೋದು ಸದ್ಯಕ್ಕೆ ಬಿಟ್ಟಿದ್ದೀನಿ. ಪಕ್ಕದ ಬೆಡ್‌ನ ಹುಡುಗನ ಜೊತೆ ಯಾರೂ ಬರಲ್ಲ, ಹಾಗಾಗಿ ಈಗ ಊಟದ ಡಬ್ಬಿ ಎರಡು. ಉಪ್ಪಿಲ್ಲದ ಸಾರು ಅಂತ ಅಪ್ಪನೂ ಅವನೂ ಸೇರಿಕೊಂಡು ನನ್ನನ್ನ ಬೈತಾರೆ.