ಎರಡು ಕಂಪ್ಯೂಟರಿಗೆ ಒಂದೇ ಕೀಬೋರ್ಡ್: ಅಜ್ಜನ ಪುಸ್ತಕದ ಕೆಲಸ ಎಲ್ಲಿಗೆ ಮುಟ್ಟಿತು

ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರು ಬರೆದಿಟ್ಟ ನೋಟು ಪುಸ್ತಕ ಹನ್ನೊಂದು ಉಂಟು. ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಬದಿಯಡ್ಕದ ಮಳೆಗಾಲ ಇನ್ನು ನಾಲ್ಕು ಕಳೆದರೆ ಅಕ್ಷರ ಉಳಿಯುವುದಿಲ್ಲ. ಹಾಗಾಗಿ ಪುಟ ಪುಟ ಸ್ಕ್ಯಾನ್ ಮಾಡಿ ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ.

ಸ್ಕ್ಯಾನರಿನ ಡ್ರೈವರ್ ಇರುವುದು ಹಳೆಯ ವಿಂಡೋಸ್ 10 ಕಂಪ್ಯೂಟರಿನಲ್ಲಿ. ಟೈಪ್ ಮಾಡುವುದು ಉಬುಂಟು 22.04 ಎಂಬ ಲಿನಕ್ಸ್ ಇರುವ ಇನ್ನೊಂದರಲ್ಲಿ. ನಮ್ಮ ಶಾಲೆಯಲ್ಲಿ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಗ್ನೂ/ಲಿನಕ್ಸ್ ಇರುವ ಕಾರಣ ನನ್ನ ಕೈ ಅದಕ್ಕೇ ಒಗ್ಗಿದೆ. ಎರಡು ಕೀಬೋರ್ಡ್, ಎರಡು ಮೌಸ್ ಇಟ್ಟರೆ ಅಜ್ಜನ ಪುಸ್ತಕ ಬಿಡಿಸಲಿಕ್ಕೆ ಮೇಜಿನಲ್ಲಿ ಜಾಗವೇ ಇಲ್ಲ. ಒಂದೇ ಕೀಬೋರ್ಡ್, ಮೌಸನ್ನು ಎರಡು ಕಂಪ್ಯೂಟರಿಗೆ ಬದಲಿಸಿ ಕೊಡುವ ಕೆವಿಎಂ ಸ್ವಿಚ್ ತರಬಹುದಿತ್ತು. ಆದರೆ ಪ್ರತಿ ಸಲ ಗುಂಡಿ ಒತ್ತಬೇಕು. ಎಡದ ಪರದೆಯಲ್ಲಿ ಪುಟ, ಬಲದಲ್ಲಿ ಟೈಪಿಂಗ್, ಮೌಸ್ ಸುಮ್ನೆ ಆಚೆ ಈಚೆ ಹೋಗಬೇಕು. ನನಗೆ ಬೇಕಾದ್ದು ಅದು.

ಮೊದಲ ವಾರ

ಒಂದು ಕಂಪ್ಯೂಟರಿನ ಕೀಬೋರ್ಡ್, ಮೌಸನ್ನು ನೆಟ್‌ವರ್ಕ್ ಮೂಲಕ ಇನ್ನೊಂದಕ್ಕೂ ಕೊಡುವ ಬ್ಯಾರಿಯರ್ ಎಂಬ ಸಾಫ್ಟ್‌ವೇರ್ ಎರಡರಲ್ಲೂ ಹಾಕಿದೆ. ಕೀಬೋರ್ಡ್ ಸಿಕ್ಕಿಸಿದ ಉಬುಂಟು ಸರ್ವರ್ (ಕೊಡುವ ಕಡೆ), ವಿಂಡೋಸ್ ಕ್ಲೈಂಟ್ (ಪಡೆಯುವ ಕಡೆ). ಸರ್ವರಿನಲ್ಲಿ ಕೊಟ್ಟ ಹೆಸರೂ ಕ್ಲೈಂಟಿನ ಹೆಸರೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಮತ್ತೆ ಸರ್ಟಿಫಿಕೇಟ್ ಇಲ್ಲ ಎಂಬ ತಕರಾರು ಬಂತು. ಎಸ್‌ಎಸ್‌ಎಲ್ (ಕೀಗಳನ್ನು ಗುಟ್ಟಾಗಿ ಕಳಿಸುವ ವ್ಯವಸ್ಥೆ) ಟಿಕ್ ತೆಗೆದರೆ ಅದು ಹೋಗುತ್ತದೆ. ನಾನು ತೆಗೆಯಲಿಲ್ಲ. ಒತ್ತಿದ ಪ್ರತಿ ಕೀ, ಪಾಸ್‌ವರ್ಡ್ ಸಮೇತ, ವೈಫೈಯಲ್ಲಿ ಹೋಗುತ್ತದೆ ಅಲ್ವಾ? ಓಪನ್‌ಎಸ್‌ಎಸ್‌ಎಲ್‌ನಿಂದ ಸರ್ಟಿಫಿಕೇಟ್ ಮಾಡಿ ಬ್ಯಾರಿಯರ್‌ನ ಫೋಲ್ಡರಿಗೆ ಹಾಕಿದೆ.

ಆದರೂ ಮೌಸ್ ಸರಿಯಾಗಿ ದಾಟಲಿಲ್ಲ. ಕಾರಣ ವೇಲ್ಯಾಂಡ್, ಉಬುಂಟುವಿನ ಪರದೆ ನಡೆಸುವ ಹೊಸ ವ್ಯವಸ್ಥೆ. ಬ್ಯಾರಿಯರ್‌ಗೆ ಬೇಕಾದ್ದು ಹಳೆಯ ಕ್ಸೋರ್ಗ್. ಲಾಗಿನ್ ಪರದೆಯ ಮೂಲೆಯ ಚಕ್ರ ಒತ್ತಿ ‘ಉಬುಂಟು ಆನ್ ಕ್ಸೋರ್ಗ್’ ಆರಿಸಿದೆ. ಮೌಸ್ ಎಡಕ್ಕೆ ಜಾರಿ ವಿಂಡೋಸಿನ ಪರದೆಯಲ್ಲಿ ಕಾಣಿಸಿತು. ಹತ್ತು ಸಲ ಆಚೆ ಈಚೆ ಓಡಾಡಿಸಿದೆ, ಅಷ್ಟು ಖುಷಿ.

ಎರಡನೇ ವಾರ

ಇಡೀ ವಾರ ಕನ್ನಡದ್ದೇ ಕೆಲಸ. ಉಬುಂಟುವಿನಲ್ಲಿ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಇಟ್ಟುಕೊಂಡೇ ವಿಂಡೋಸಿಗೆ ಹೋಗಿ ಸ್ಕ್ಯಾನ್ ಫೈಲಿಗೆ ‘ವಾಲಿ’ ಎಂದು ಹೆಸರು ಕೊಡಲು ನೋಡಿದೆ. ಒಂದಕ್ಷರವೂ ಬೀಳಲಿಲ್ಲ. ಕೀಬೋರ್ಡೇ ಹಾಳಾಯಿತೋ ಎಂದು ಕಂಡಿತು. ಬ್ಯಾರಿಯರ್ ಕಳಿಸುವುದು ಯಾವ ಕೀ ಒತ್ತಿದೆ ಎಂದಲ್ಲ, ಆ ಕೀಯಿಂದ ಯಾವ ಅಕ್ಷರ ಹುಟ್ಟಿತು ಎಂದು. ಇಲ್ಲಿಂದ ‘ವ’ ಹೋದರೆ, ಆಚೆಯ ಇಂಗ್ಲಿಷ್ ವಿನ್ಯಾಸದಲ್ಲಿ ‘ವ’ ಎಂಬ ಕೀಯೇ ಇಲ್ಲ.

ದಾರಿ ಸಿಕ್ಕಿತು. ಉಬುಂಟುವಿನ ಮೂಲ ವಿನ್ಯಾಸ ಇಂಗ್ಲಿಷಾಗಿಯೇ ಇರಲಿ. ಕನ್ನಡಕ್ಕೆ ಐಬಸ್‌ನಲ್ಲಿ (ಒತ್ತಿದ ಇಂಗ್ಲಿಷ್ ಕೀಯನ್ನು ಬೇರೆ ಭಾಷೆಯ ಅಕ್ಷರ ಮಾಡುವ ಸಾಫ್ಟ್‌ವೇರ್) ಎಂ17ಎನ್ ಎಂಬ ವಿನ್ಯಾಸಗಳ ಸಂಗ್ರಹದ ಕಗಪ ಸೇರಿಸಬೇಕು. ಆಗ ಆಚೆಗೆ ಹೋಗುವುದು ಬರೀ ಇಂಗ್ಲಿಷ್ ಅಕ್ಷರ. ವಿಂಡೋಸಿನಲ್ಲಿ ಅಲ್ಲಿಯದೇ ಕನ್ನಡ ಫೋನೆಟಿಕ್ ಅದನ್ನು ಕನ್ನಡ ಮಾಡುತ್ತದೆ. ಈಗ ಎರಡೂ ಕಡೆ ‘ವಾಲಿ’ ಸರಿಯಾಗಿ ಬೀಳುತ್ತಾನೆ.

ಕಾಪಿ-ಪೇಸ್ಟ್ ಕೂಡ ಪರದೆ ದಾಟುತ್ತದೆ. ಹಿಂದೆ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ (ಇಂಗ್ಲಿಷ್ ಚಿಹ್ನೆಗೆ ಕನ್ನಡದ ರೂಪ ಕೊಡುವ ಫಾಂಟು) ಟೈಪ್ ಮಾಡಿದ ಕೆಲವು ಪುಟ ಮಾತ್ರ ಈಚೆ ಬರುವಾಗ ಇಂಗ್ಲಿಷ್ ಚಿಹ್ನೆಗಳಾದವು. ಅದು ಬ್ಯಾರಿಯರ್‌ನ ತಪ್ಪಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಿ ಆಮೇಲೆ ತರುತ್ತೇನೆ.

ಮೂರನೇ ವಾರ

“ಗುಡುಗ್ತಾ ಉಂಟು, ಪ್ಲಗ್ಗು ತೆಗಿ ಮಗಾ” ಅಂದರು ಅಮ್ಮ. ರೂಟರ್ ಸಮೇತ ಎಲ್ಲ ತೆಗೆದೆ. ಸಂಜೆ ಪುನಃ ಹಾಕಿದರೆ ಎರಡು ಕಂಪ್ಯೂಟರಿಗೂ ಮಾತಿಲ್ಲ. ರೂಟರ್ ಉಬುಂಟುವಿಗೆ ಬೇರೆ ಐಪಿ ವಿಳಾಸ ಕೊಟ್ಟಿತ್ತು. ಅದನ್ನು ರೂಟರಿನಲ್ಲೇ ಕಾಯಂ ಮಾಡಿದೆ. ಮತ್ತೆ ಎಷ್ಟು ಸಲ ಪ್ಲಗ್ಗು ತೆಗೆದರೂ ತೊಂದರೆ ಆಗಲಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಹಾಗಾಗಿ ಆ ಕಂಪ್ಯೂಟರಿಗೆ ಇಂಟರ್ನೆಟ್ ಕೂಡ ಬಂದ್ ಮಾಡಿದೆ. ಬ್ಯಾರಿಯರ್‌ಗೆ ಮನೆಯೊಳಗಿನ ನೆಟ್‌ವರ್ಕ್ ಸಾಕು.

ಜೂಮ್ ಮಾಡಿ ಅಕ್ಷರ ನೋಡುವಾಗ ಮೌಸ್ ಅಂಚಿನಿಂದ ಜಾರಿ ಹೋಗುತ್ತಿತ್ತು. ಸ್ಕ್ರಾಲ್ ಲಾಕ್ ಒತ್ತಿದರೆ ಅದೇ ಪರದೆಯಲ್ಲಿ ನಿಲ್ಲುತ್ತದೆ. ಇಷ್ಟು ವರ್ಷ ಆ ಕೀ ನಾನು ಮುಟ್ಟಿದ್ದೇ ಇಲ್ಲ!

ಈಗ

ಬ್ಯಾರಿಯರನ್ನು ಈಗ ಯಾರೂ ಮುಂದುವರಿಸುತ್ತಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಇನ್‌ಪುಟ್ ಲೀಪ್ ಕಟ್ಟಿದರು. ಡೆಸ್ಕ್‌ಫ್ಲೋ ಎಂಬುದೂ ಉಂಟು. ಉಬುಂಟು ಬದಲಿಸುವಾಗ ಎರಡನ್ನೂ ನೋಡಬೇಕು. ನಾಲ್ಕು ಪುಸ್ತಕ ಮುಗಿಯಿತು. ಐದನೆಯದರ ಹೊಲಿಗೆ ಬಿಗಿ ಉಂಟು, ಗಾಜಿನ ಮೇಲೆ ಚಪ್ಪಟೆ ಕೂರುವುದಿಲ್ಲ. ಈ ಭಾನುವಾರ ಅಪ್ಪನೊಟ್ಟಿಗೆ ಕೂತು ಅದರ ದಾರ ಬಿಚ್ಚಬೇಕು.